ದೀಪ ಆರಿತು, ಎಣ್ಣೆ ಬದಲಾಗಲಿಲ್ಲ

ಸರ್ವಿಸಿಗೆ ಹೊತ್ತಾಯಿತೆಂದು ಕಾರಿನ ಮೀಟರಿನಲ್ಲಿ ಪಾನಾ ಚಿತ್ರದ ಹಳದಿ ದೀಪ ಹತ್ತಿಕೊಂಡರೆ ದಾವಣಗೆರೆಯ ನಿಟ್ಟುವಳ್ಳಿಯ ಆ ಓಣಿಯವರು ಗ್ಯಾರೇಜಿಗೆ ಹೋಗುತ್ತಿರಲಿಲ್ಲ. ನೇರವಾಗಿ ಕರಿಬಸವರಾಜನ ಮನೆ ಬಾಗಿಲಿಗೆ ಬರುತ್ತಿದ್ದರು.

"ಅಣ್ಣಾರ, ಗಾಡಿ ಚೆನ್ನಾಗೇ ಓಡ್ತೈತೆ. ಇದೊಂದು ದೀಪ ಮಾತ್ರ ಕಣ್ಣಿಗೆ ಚುಚ್ತೈತೆ. ಸ್ವಲ್ಪ ನೋಡ್ರಿ."

ಕರಿಬಸವರಾಜನಿಗೆ ದಾವಣಗೆರೆ ಪೇಟೆಯಲ್ಲಿ ಪಂಪ್‌ಸೆಟ್ ಅಂಗಡಿ. ದಿನಾ ಮೋಟಾರುಗಳ ನಡುವೆ ಇರುವವನಾದ್ದರಿಂದ ಎಂಜಿನ್ ವಿಷಯದಲ್ಲಿ ಅವನು ಹೇಳಿದ್ದನ್ನು ಓಣಿಯವರು ನಂಬುತ್ತಿದ್ದರು. ಅವನು ಡ್ರೈವರ್ ಸೀಟಿನಲ್ಲಿ ಕೂತು, ಎಂಜಿನ್ ಚಾಲು ಮಾಡದೆ ಕೀಲಿ ಮಾತ್ರ ತಿರುಗಿಸಿ, ಮೀಟರಿನ ಗುಂಡಿ ಒತ್ತಿ ಹಿಡಿಯುತ್ತಿದ್ದ. ದೀಪ ಎರಡು ಸಲ ಮಿಣುಕಿ ಆರಿಹೋಗುತ್ತಿತ್ತು. ಮೊಬೈಲಿನಲ್ಲಿ ಯಾವುದೋ ವಿಡಿಯೊ ನೋಡಿ ಕಲಿತದ್ದು ಅದು.

"ಆತು ತಗಳ್ರಿ. ಇದು ಕಂಪನಿಯೋರು ನಮ್ಮನ್ನ ಗ್ಯಾರೇಜಿಗೆ ಎಳೆಯೋಕೆ ಇಟ್ಟಿರೋ ಆಟ. ಎಂಜಿನ್‌ಗೆ ಏನೂ ಆಗಿಲ್ಲ," ಎಂದು ಬಾಗಿಲು ಹಾಕಿ ಇಳಿಯುತ್ತಿದ್ದ. ಬಂದವರು ಕೈಮುಗಿದು ಹೋಗುತ್ತಿದ್ದರು. ಅವನಿಗೆ ಅದು ಹಿತವಾಗಿತ್ತು.

ಅವನ ಹೆಂಡತಿ ರೂಪಶ್ರೀ ಆರೋಗ್ಯ ಕೇಂದ್ರದಲ್ಲಿ ನರ್ಸು. ಒಂದು ದಿನ ಅವಳು ಕೇಳಿಯೇಬಿಟ್ಟಳು.

"ರೀ, ದೀಪ ಆರಿಸಿದ್ರಿ, ಸರಿ. ಒಳಗಿನ ಎಣ್ಣೆ ಅದೇ ಹಳೇದೇ ಐತಲ್ಲ?"

"ಎಣ್ಣೆಗೇನಾಗೈತೆ? ಗಾಡಿ ಓಡ್ತಿಲ್ವಾ?"

"ಬಿಪಿ ಇರೋರೂ ಓಡಾಡ್ಕೊಂಡೇ ಇರ್ತಾರ್ರಿ. ಒಂದು ದಿನ ಬೀಳ್ತಾರೆ."

"ನಿನ್ನ ದವಾಖಾನೆ ಮಾತು ದವಾಖಾನೆಯಾಗೇ ಇರ್ಲಿ ರೂಪಾ," ಎಂದು ಅವನು ನಕ್ಕ. ಅವಳು ಮತ್ತೆ ಕೇಳಲಿಲ್ಲ.

ಕರಿಬಸವರಾಜನ ತಂಗಿ ಅನ್ನಪೂರ್ಣಮ್ಮನನ್ನು ಹರಿಹರ ತಾಲೂಕಿನ ಕಡರನಾಯಕನಹಳ್ಳಿಗೆ ಕೊಟ್ಟಿತ್ತು. ಗಂಡ ಕೊಟ್ಟೂರೇಶ ಗದ್ದೆ ನೋಡಿಕೊಳ್ಳುತ್ತಿದ್ದ. ಮನೆಯ ಡೀಸೆಲ್ ಕಾರು ಓಡಿಸುವವಳು ಅನ್ನಪೂರ್ಣಮ್ಮನೇ. ಪಕ್ಕದ ಮನೆಯ ಮರಿಯವ್ವನಿಗೆ ಮೂತ್ರಪಿಂಡ ಕೈಕೊಟ್ಟು, ವಾರಕ್ಕೆರಡು ಸಲ ದಾವಣಗೆರೆಯ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಆಗಬೇಕಿತ್ತು. ಕಾಲು ಬಾತುಕೊಂಡ ಆ ಮುದುಕಿ ಬಸ್ಸು ಹತ್ತಿ ಇಳಿಯುವುದು ಆಗದ ಮಾತು. "ನಾನೇ ಕರ್ಕೊಂಡು ಹೋಗ್ತೀನಿ ಬಿಡವ್ವ," ಎಂದಿದ್ದಳು ಅನ್ನಪೂರ್ಣಮ್ಮ. ಅಂದ ಮೇಲೆ ಒಂದು ದಿನವೂ ತಪ್ಪಿಸಿರಲಿಲ್ಲ.

ಅವಳ ಕಾರಿನಲ್ಲೂ ಹಳದಿ ದೀಪ ಬಂತು. ಹರಿಹರದ ಇಜಾಜನ ಗ್ಯಾರೇಜಿಗೆ ಬಿಡಬೇಕೆಂದಿದ್ದವಳನ್ನು ಅಣ್ಣ ತಡೆದ. "ಅದಕ್ಯಾಕ ಗ್ಯಾರೇಜು? ಇಲ್ಲಿ ಬಾ." ದೀಪ ಆರಿಸಿ ಕಳಿಸಿದ. ವರ್ಷ ಕಳೆದು ಮತ್ತೆ ಬಂತು. ಮತ್ತೆ ಆರಿಸಿದ. ಅಣ್ಣ ಹೇಳಿದ ಮೇಲೆ ಮುಗಿಯಿತೆಂದು ಅವಳು ಸುಮ್ಮನಾದಳು.

ಆ ಮಂಗಳವಾರ ಅಂಗಡಿಯಲ್ಲಿ ಗಿರಾಕಿಗಳು ತುಂಬಿದ್ದರು. ತಂಗಿಯ ಫೋನು ಬಂತು.

"ಅಣ್ಣ, ಹರಿಹರ ದಾಟಿದೀವಿ. ಕೆಂಪು ದೀಪ ಹತ್ತೈತೆ. ಗಿಂಡಿ ಚಿತ್ರ, ತುದೀಲಿ ಒಂದು ಹನಿ ಐತೆ. ಗಾಡಿ ಪಕ್ಕಕ್ಕೆ ಹಾಕ್ಕೊಂಡು ನಿಂತೀನಿ."

ಗಿರಾಕಿಗಳು ನೋಡುತ್ತಿದ್ದರು. ಕರಿಬಸವರಾಜ ಸ್ವಲ್ಪ ದನಿ ಏರಿಸಿಯೇ ಹೇಳಿದ. "ಅದೇ ದೀಪ ಈಗ ಇನ್ನೊಂದು ಬಣ್ಣದಾಗೆ ಬಂದೈತೆ, ಅಷ್ಟೇ. ಅಂಜಬ್ಯಾಡ, ಬಾ. ಇಲ್ಲಿ ಆರಿಸಿಕೊಡ್ತೀನಿ."

"ಇಜಾಜಣ್ಣನ್ನ ಕರೀಲಾ? ಇಲ್ಲೇ ಹತ್ರ ಐತೆ."

"ಬ್ಯಾಡ. ಮರಿಯವ್ವಗೆ ಹೊತ್ತಾಗ್ತೈತೆ. ನೀನು ಹೊರಡು."

ಅವಳು ಹೊರಟಳು. ದೊಡ್ಡಬಾತಿ ಸಮೀಪ ಎಂಜಿನ್ ಒಳಗಿನಿಂದ ಕಟಕಟ ಸದ್ದು ಶುರುವಾಯಿತು. ಆಮೇಲೆ ಒಂದು ದೊಡ್ಡ ಸದ್ದಾಗಿ ಗಾಡಿ ನಿಂತೇಬಿಟ್ಟಿತು. ಕೀಲಿ ತಿರುಗಿಸಿದರೆ ಎಂಜಿನ್ ಕದಲಲಿಲ್ಲ. ಅವಳು ಅಣ್ಣನಿಗೆ ಮತ್ತೆ ಫೋನು ಮಾಡಿದಳು.

ಕರಿಬಸವರಾಜ ತನ್ನ ಕಾರಿನಲ್ಲಿ ಅಲ್ಲಿಗೆ ಹೋಗುವಷ್ಟರಲ್ಲಿ ಬಿಸಿಲು ಏರಿತ್ತು. ಹೆದ್ದಾರಿಯ ಪಕ್ಕ, ಲಾರಿಗಳು ಧೂಳೆಬ್ಬಿಸಿ ಹೋಗುವಲ್ಲಿ, ಮರಿಯವ್ವ ಕಾರಿನ ತೆರೆದ ಬಾಗಿಲಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು. ಅನ್ನಪೂರ್ಣಮ್ಮ ಸೆರಗಿನಿಂದ ಅವಳಿಗೆ ಗಾಳಿ ಬೀಸುತ್ತಿದ್ದಳು. ಬಾಯಾರಿದರೂ ಮುದುಕಿ ಹೆಚ್ಚು ನೀರು ಕುಡಿಯುವಂತಿರಲಿಲ್ಲ. ಆ ಕಾಯಿಲೆಯವರಿಗೆ ನೀರಿಗೂ ಮಿತಿ.

"ಅಣ್ಣ, ನಾನು ನಿಲ್ಲಿಸಿದ್ದೆನಲ್ಲ," ಎಂದಳು ಅನ್ನಪೂರ್ಣಮ್ಮ, ಮೆಲ್ಲಗೆ.

"ಸದ್ದು ಬರೋದನ್ನ ನೀನು ಹೇಳ್ಲೇ ಇಲ್ಲ," ಎಂದ ಅವನು. ಮೊದಲ ಸಲ ಫೋನು ಮಾಡಿದಾಗ ಸದ್ದು ಇನ್ನೂ ಬಂದೇ ಇರಲಿಲ್ಲ. ಅದು ಅವನಿಗೂ ಗೊತ್ತಿತ್ತು. ತಂಗಿ ಮರಿಯವ್ವನನ್ನು ಎಬ್ಬಿಸಿ ಅವನ ಗಾಡಿಗೆ ಹತ್ತಿಸಿದಳು.

ಆಸ್ಪತ್ರೆ ಮುಟ್ಟಿದಾಗ ಮರಿಯವ್ವನ ಸರದಿ ಮುಗಿದಿತ್ತು. ಮೆಷಿನ್ನಿನಲ್ಲಿ ಬೇರೆಯವರಿದ್ದರು. ಮಧ್ಯಾಹ್ನದವರೆಗೂ ಕಾಯಬೇಕಾಯಿತು. ಅಷ್ಟರೊಳಗೆ ಅವಳಿಗೆ ಉಸಿರಾಟ ಕಷ್ಟವಾಯಿತು. ಮಲಗಿಸಿದರೆ ಎದ್ದು ಕೂರುತ್ತಿದ್ದಳು, ಕೂರಿಸಿದರೆ ಒದ್ದಾಡುತ್ತಿದ್ದಳು. ಕೊನೆಗೆ ಆಕ್ಸಿಜನ್ ಹಾಕಿದರು. ಕರಿಬಸವರಾಜ ವಾರ್ಡಿನ ಬಾಗಿಲಲ್ಲಿ ನಿಂತಿದ್ದ. ಒಳಗೆ ಹೋಗಲಿಲ್ಲ.

ಸಂಜೆ, ಡಯಾಲಿಸಿಸ್ ಮುಗಿದ ಮೇಲೆ, ಮರಿಯವ್ವ ಅವನ ಕೈ ಹಿಡಿದುಕೊಂಡಳು. "ನೀವು ಬರ್ದೇ ಹೋಗಿದ್ರೆ ಇವತ್ತು ನಾನು ರೋಡಿನಾಗೇ ಹೋಗ್ತಿದ್ದೆ ಯಪ್ಪಾ. ನಿಮ್ಮ ಹೊಟ್ಟೆ ತಣ್ಣಗಿರ್ಲಿ."

ಅವನು ಕೈ ಬಿಡಿಸಿಕೊಂಡ. ಗಾಡಿ ತರುತ್ತೇನೆಂದು ಹೊರಗೆ ಬಂದು, ಗಾಡಿಯ ಬಳಿ ಸುಮ್ಮನೆ ನಿಂತ.

ಮಾರನೆಯ ದಿನ ತಂಗಿಯ ಕಾರನ್ನು ಹರಿಹರದ ಇಜಾಜನ ಗ್ಯಾರೇಜಿಗೆ ಎಳೆದು ತಂದರು. ಹಿಂದೆ ಆ ಕಾರಿಗೆ ಸರ್ವಿಸ್ ಮಾಡಿದ್ದವನು ಅವನೇ. ಗ್ಯಾರೇಜಿನಲ್ಲಿ ನಾಲ್ಕಾರು ಗಿರಾಕಿಗಳಿದ್ದರು. ಎದುರಿನ ಚಹಾ ಅಂಗಡಿಯ ಅಂಜಿನಪ್ಪನೂ ಬಂದು ನಿಂತಿದ್ದ. ಇಷ್ಟು ಜನರ ಮುಂದೆ ತಾನು ಸಿಕ್ಕಿಬೀಳುತ್ತೇನೆಂಬ ಭಯ ಕರಿಬಸವರಾಜನನ್ನು ಹಿಡಿಯಿತು. ಆ ಭಯದಲ್ಲಿ ಅವನೇ ಮೊದಲು ಬಾಯಿ ಮಾಡಿದ.

"ಏನ್ ಎಣ್ಣೆ ಹಾಕಿದ್ಯೋ ಇಜಾಜ್? ನಕಲಿ ಮಾಲು ಹಾಕಿ ನನ್ನ ತಂಗಿ ಎಂಜಿನ್ ಹಾಳು ಮಾಡಿದ್ಯಲ್ಲೋ."

ಇಜಾಜ್ ಸುಲಭಕ್ಕೆ ಮಾತು ಅನ್ನಿಸಿಕೊಳ್ಳುವ ಆಸಾಮಿಯಲ್ಲ. ಕೈಯಲ್ಲಿದ್ದ ಪಾನಾವನ್ನು ಠಣ್ಣನೆ ಕೆಳಗಿಟ್ಟ. "ಎಣ್ಣೆ ನಾನು ಹಾಕಿದ್ದೇ ಅಣ್ಣಾರ. ಯಾವಾಗ ಹಾಕಿದ್ದು, ಅದನ್ನೂ ಕೇಳ್ರಿ."

ಅವನು ಬಾನೆಟ್ ಎತ್ತಿ ಎಣ್ಣೆ ಕಡ್ಡಿ ಎಳೆದ. ಎಂಜಿನ್ ಒಳಗೆ ಎಣ್ಣೆ ಎಷ್ಟಿದೆಯೆಂದು ನೋಡುವ ಉದ್ದನೆಯ ಕಡ್ಡಿ ಅದು. ಮೇಲಿನ ಗೆರೆ, ಕೆಳಗಿನ ಗೆರೆ, ಎರಡರ ನಡುವೆ ಎಣ್ಣೆ ನಿಂತಿರಬೇಕು. ಇಲ್ಲಿ ಕಡ್ಡಿಯ ತುದಿಗೆ ಮಾತ್ರ ಡಾಂಬರಿನಂಥದ್ದು ಅಂಟಿತ್ತು. ಬೆರಳಿನಿಂದ ಒರೆಸಿ ಎಲ್ಲರಿಗೂ ತೋರಿಸಿದ. ಕೆಳಗಿನ ಬಿರಡೆ ಬಿಚ್ಚಿದರೆ ಎಣ್ಣೆ ಸುರಿಯಲಿಲ್ಲ, ಕರಿ ರಾಡಿಯಾಗಿ ತೊಟ್ಟಿಕ್ಕಿತು.

"ಅಮ್ಮಾ, ನನ್ನ ಹತ್ರ ಬಂದು ಎರಡು ವರ್ಷದ ಮೇಲಾತು. ನಡುವೆ ಹಳದಿ ದೀಪ ಬಂದಿಲ್ವಾ?"

ಅನ್ನಪೂರ್ಣಮ್ಮ ಅಣ್ಣನ ಮುಖ ನೋಡಿದಳು. ಅಣ್ಣ ಗೋಡೆ ನೋಡುತ್ತಿದ್ದ.

"ಬಂದಿತ್ತು ಇಜಾಜಣ್ಣ," ಎಂದಳು. "ನಾನೇ ಉದಾಸೀನ ಮಾಡ್ದೆ. ತಪ್ಪು ನಂದೇ."

ಅಂಜಿನಪ್ಪ ಪಕ್ಕದವನಿಗೆ ಹೇಳಿದ್ದು ಎಲ್ಲರಿಗೂ ಕೇಳಿಸಿತು. "ಹೆಂಗಸರ ಕೈಗೆ ಗಾಡಿ ಕೊಟ್ರೆ ಇಷ್ಟೇ ನೋಡು."

ಒಂದಿಬ್ಬರು ನಕ್ಕರು. ಅನ್ನಪೂರ್ಣಮ್ಮ ತಲೆ ತಗ್ಗಿಸಿ ಸೆರಗು ಸರಿಮಾಡಿಕೊಂಡಳು. ಕರಿಬಸವರಾಜನ ನಾಲಿಗೆಯ ತುದಿಗೆ ಮಾತು ಬಂದಿತ್ತು. ಆದರೂ ಅವನು ಜೇಬಿನಿಂದ ಫೋನು ತೆಗೆದು, ಯಾರೋ ಕರೆದವರಂತೆ ಕಿವಿಗಿಟ್ಟುಕೊಂಡು ರಸ್ತೆಗೆ ನಡೆದ.

ಮನೆಗೆ ಬಂದವನು ರೊಟ್ಟಿ ಮುರಿದು ತಟ್ಟೆಯಲ್ಲೇ ಬಿಟ್ಟ. ರೂಪಶ್ರೀ ತಟ್ಟೆ ನೋಡಿದಳು, ಅವನ ಮುಖ ನೋಡಿದಳು. ಅವನು ಎಲ್ಲವನ್ನೂ ಹೇಳಿದ. ದೀಪ ಆರಿಸಿದ್ದು, ನಿಂತ ಗಾಡಿಯನ್ನು ಹೊರಡಿಸಿದ್ದು, ಇಜಾಜನ ಮೇಲೆ ಹಾಕಿದ್ದು, ತಂಗಿ ತಪ್ಪನ್ನು ತನ್ನ ತಲೆ ಮೇಲೆ ಹೊತ್ತುಕೊಂಡದ್ದು.

"ಅಂಜಿನಪ್ಪ ಆ ಮಾತು ಅಂದಾಗ ನೀವು ಅಲ್ಲೇ ಇದ್ರಾ?" ಎಂದಷ್ಟೇ ಕೇಳಿದಳು.

"ಇದ್ದೆ."

ಅವಳು ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು.

ತಂಗಿಯ ಕಾರಿನ ಎಂಜಿನ್ ಬಿಚ್ಚಿ ಕೂಡಿಸಲು ವಾರಗಳೇ ಬೇಕಿತ್ತು. ಅಲ್ಲಿಯವರೆಗೆ ಮರಿಯವ್ವನನ್ನು ತಾನೇ ಕರೆದೊಯ್ಯುತ್ತೇನೆಂದು ಕರಿಬಸವರಾಜ ಹೇಳಿಕಳಿಸಿದ. ಶುಕ್ರವಾರ ಬೆಳಿಗ್ಗೆ ಕಡರನಾಯಕನಹಳ್ಳಿಗೆ ಹೋದ. ಹಿಂದಿನ ಸೀಟಿನಲ್ಲಿ ಕೂತ ಮರಿಯವ್ವ ದಾರಿಯುದ್ದಕ್ಕೂ ಅವನನ್ನು ಹೊಗಳಿದಳು. ಅಂಗಡಿ ಬಿಟ್ಟು ಬಂದಿರಿ, ದೊಡ್ಡ ಮನಸ್ಸು, ನಿಮ್ಮಂಥ ಅಣ್ಣ ಇರೋದು ಅನ್ನಪೂರ್ಣಮ್ಮನ ಪುಣ್ಯ ಎಂದಳು. ಒಂದೊಂದು ಮಾತೂ ಅವನನ್ನು ಸೀಟಿನೊಳಕ್ಕೆ ಒತ್ತುತ್ತಿತ್ತು. ದೊಡ್ಡಬಾತಿ ಬಂತು. ಗಾಡಿ ನಿಂತಿದ್ದ ಜಾಗದಲ್ಲಿ ನೆಲದ ಮೇಲೆ ಕರಿ ಕಲೆ ಇನ್ನೂ ಇತ್ತು.

"ಮರಿಯವ್ವ, ಹಂಗನಬ್ಯಾಡ್ರಿ," ಎಂದ. "ಅವತ್ತು ನೀವು ಬಿಸಿಲಾಗೆ ಕೂತಿದ್ದು ನನ್ನಿಂದ. ಎಣ್ಣೆ ಬದಲು ಮಾಡ್ರಿ ಅಂತ ಗಾಡಿ ಹೇಳ್ತಿತ್ತು. ನಾನು ಅದರ ಬಾಯಿ ಮುಚ್ಚಿಸ್ದೆ. ಕೆಂಪು ದೀಪ ಬಂದಾಗ ಅನ್ನಪೂರ್ಣ ನಿಲ್ಲಿಸಿದ್ಲು. ಹೊರಡು ಅಂದೋನೂ ನಾನೇ."

ಮರಿಯವ್ವ ಕಿಟಕಿಯಿಂದ ಹೊರಗೆ ನೋಡುತ್ತ ಕೂತಳು. ದಾವಣಗೆರೆ ಹತ್ತಿರವಾದಾಗ ಅವಳು ಒಂದೇ ಮಾತು ಕೇಳಿದಳು.

"ಹಂಗಾರೆ, ಈ ಗಾಡೀದು ಎಣ್ಣೆ ನೋಡೀರೇನು?"

ಕರಿಬಸವರಾಜ ಮೀಟರಿನ ಕಡೆ ನೋಡಿದ. ಯುಗಾದಿಗೆ ಮುಂಚೆ ಇದೇ ಕಾರಿನಲ್ಲಿ ಇದೇ ಹಳದಿ ದೀಪ ಬಂದಿತ್ತು. ಅವನೇ ಆರಿಸಿದ್ದ. ಈಗ ಅದೇ ಮುದುಕಿಯನ್ನು ಅದೇ ರಸ್ತೆಯಲ್ಲಿ, ಅಂಥದೇ ಗಾಡಿಯಲ್ಲಿ ಕೂರಿಸಿಕೊಂಡು ಬಂದಿದ್ದ.

"ಇಲ್ಲ," ಎಂದ.

ಆಸ್ಪತ್ರೆಯವರೆಗೆ ಅವನ ಕಣ್ಣು ರಸ್ತೆಗೂ ಮೀಟರಿಗೂ ಹರಿದಾಡಿತು. ಮರಿಯವ್ವನನ್ನು ಒಳಗೆ ಬಿಟ್ಟು ಬಂದು, ಆಸ್ಪತ್ರೆಯ ಅಂಗಳದ ಸಮತಟ್ಟು ಜಾಗದಲ್ಲಿ ಗಾಡಿ ನಿಲ್ಲಿಸಿ, ಎಂಜಿನ್ ತಣಿಯಲು ಬಿಟ್ಟು, ಕಡ್ಡಿ ಎಳೆದ. ಕರವಸ್ತ್ರದಲ್ಲಿ ಒರೆಸಿ, ಪೂರ್ತಿ ಒಳಗಿಟ್ಟು, ಮತ್ತೆ ಎಳೆದು ನೋಡಿದ. ಎಣ್ಣೆ ಕೆಳಗಿನ ಗೆರೆಗಿಂತ ಮೇಲೆಯೇ ಇತ್ತು. ಆದರೆ ಗಟ್ಟಿಯಾಗಿ, ಬೆರಳಿಗೆ ಅಂಟುತ್ತಿತ್ತು. ಕೆಂಪು ದೀಪ ಹತ್ತಿರಲಿಲ್ಲ. ಡಯಾಲಿಸಿಸ್ ಮುಗಿಯಲು ಇನ್ನೂ ತಾಸುಗಟ್ಟಲೆ ಇತ್ತು. ಅವನು ಮೆಲ್ಲಗೆ ಹರಿಹರದ ದಾರಿ ಹಿಡಿದ.

ಇಜಾಜ್ ಅವನನ್ನು ಕಂಡರೂ ಕಾಣದವನಂತೆ ಕೆಲಸದಲ್ಲಿದ್ದ. ಗಿರಾಕಿಗಳಿದ್ದರು. ಎದುರಿನ ಅಂಗಡಿಯಲ್ಲಿ ಅಂಜಿನಪ್ಪ ಲೋಟ ತೊಳೆಯುತ್ತಿದ್ದ. ಕರಿಬಸವರಾಜ ಗ್ಯಾರೇಜಿನ ಬಾಗಿಲಲ್ಲೇ ನಿಂತು, ರಸ್ತೆಯ ಆಚೆಗೂ ಕೇಳುವಂತೆ ಹೇಳಿದ.

"ಇಜಾಜ್, ಅವತ್ತು ನಾನು ಸುಳ್ಳು ಹೇಳ್ದೆ. ನಿನ್ನ ಎಣ್ಣೆಯಾಗೆ ಏನೂ ತಪ್ಪಿರ್ಲಿಲ್ಲ. ನನ್ನ ತಂಗೀದೂ ತಪ್ಪಿರ್ಲಿಲ್ಲ. ಆಕಿ ನಿನ್ನ ಹತ್ರ ಬರ್ತೀನಿ ಅಂದ್ರೆ ನಾನೇ ಬ್ಯಾಡ ಅಂದೆ. ಎರಡು ಸಲ ದೀಪ ಆರಿಸಿದೋನು ನಾನು. ಕೆಂಪು ದೀಪ ಬಂದು ಆಕಿ ನಿಲ್ಲಿಸಿದ್ರೂ ಹೊರಡಿಸಿದೋನೂ ನಾನೇ."

ಅಂಜಿನಪ್ಪನ ಕೈಯಲ್ಲಿ ಲೋಟ ಹಾಗೇ ನಿಂತಿತ್ತು.

ಇಜಾಜ್ ಕೈ ಒರೆಸಿಕೊಳ್ಳುತ್ತ ಬಂದ. "ಅವತ್ತು ನೀವು ಕೂಗಾಡಿದ್ದಷ್ಟೇ ಕಿವಿಗೆ ಹಾಕ್ಕೊಂಡು ಇಬ್ರು ಗಿರಾಕಿ ಗಾಡಿ ವಾಪಸ್ ತಗೊಂಡು ಹೋದ್ರು ಅಣ್ಣಾರ. ನಕಲಿ ಎಣ್ಣೆ ಹಾಕ್ತಾನೆ ಅಂತ ಊರಾಗೆ ಮಾತು ಹಬ್ಬೈತೆ. ಅದನ್ನ ಹೆಂಗೆ ಒರೆಸ್ತೀರಿ?"

"ಆ ಇಬ್ರ ಮನೆ ತೋರ್ಸು. ನಾನೇ ಹೋಗಿ ಹೇಳ್ತೀನಿ," ಎಂದ ಕರಿಬಸವರಾಜ.

ಇಜಾಜ್ ಅವನ ಗಾಡಿ ಒಳಗೆ ತೆಗೆದುಕೊಂಡ. ಮುಂದಿನ ಕೆಲಸವನ್ನೆಲ್ಲ ಅವನನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು ತೋರಿಸಿದ. ಎಂಜಿನ್ ಬೆಚ್ಚಗಿದ್ದಾಗ ಬಿರಡೆ ಬಿಚ್ಚಿದರೆ ಹಳೆಯ ಎಣ್ಣೆ ಪೂರ್ತಿ ಇಳಿಯುತ್ತದೆ. ಎಣ್ಣೆಯ ಜೊತೆಗೆ ಅದರ ಫಿಲ್ಟರನ್ನೂ ಬದಲಿಸಬೇಕು, ಇಲ್ಲವಾದರೆ ಹಳೆಯ ಕೊಳೆ ಹೊಸ ಎಣ್ಣೆಗೆ ಸೇರುತ್ತದೆ.

"ಎಣ್ಣೆ ಯಾವುದಾದ್ರೂ ಆಗ್ತೈತಾ?" ಎಂದು ಕೇಳಿದ ಕರಿಬಸವರಾಜ. ಅಷ್ಟು ದಿನ ಎಲ್ಲರಿಗೂ ಉತ್ತರ ಹೇಳುತ್ತಿದ್ದವನು ಮೊದಲ ಸಲ ಕೇಳಿದ್ದ.

"ಆಗಲ್ಲ. ಗಾಡಿ ಜೊತೆ ಬಂದ ಪುಸ್ತಕದಾಗೆ ಯಾವ ನಂಬರಿಂದು ಅಂತ ಬರ್ದಿರ್ತೈತೆ, ಅದೇ ಹಾಕ್ಬೇಕು. ಎಷ್ಟು ಕಿಲೋಮೀಟರ್‌ಗೆ ಬದಲು ಮಾಡ್ಬೇಕು ಅಂತಾನೂ ಅದ್ರಾಗೇ ಐತೆ. ಅಷ್ಟು ಓಡ್ಲಿಲ್ಲ ಅಂದ್ರೂ ವರ್ಷಕ್ಕೊಂದ್ಸಲ ಮಾಡಿಸ್ರಿ. ಊರೊಳಗೇ ಸಣ್ಣಸಣ್ಣ ಓಡಾಟ ಮಾಡೋ ಡೀಸೆಲ್ ಗಾಡಿಯಾಗೆ ಎಣ್ಣೆ ಬೇಗ ಕೆಡ್ತೈತೆ."

"ಮತ್ತೆ ಆ ಕೆಂಪು ದೀಪ?"

"ಹಳದಿ ಪಾನಾ ಬಂದ್ರೆ ದಿನ ನೋಡಿ ಬರ್ಬಹುದು. ಕೆಂಪು ಗಿಂಡಿ ಬಂದ್ರೆ ಒಂದು ಮಾರು ಕೂಡ ಓಡಿಸ್ಬಾರ್ದು. ಎಂಜಿನ್‌ಗೆ ಎಣ್ಣೆ ಮುಟ್ತಿಲ್ಲ ಅಂತ ಅರ್ಥ. ಪಕ್ಕಕ್ಕೆ ಹಾಕಿ, ಬಂದ್ ಮಾಡಿ, ಮೆಕ್ಯಾನಿಕ್‌ನ ಕರೀಬೇಕು. ಅವತ್ತು ಗಾಡಿ ನಿಲ್ಲಿಸಿ ಅಮ್ಮ ಸರಿಯಾಗೇ ಮಾಡಿದ್ರು."

ಆ ಕೊನೆಯ ಮಾತು ಕರಿಬಸವರಾಜನಿಗೆ ನಾಟಿತು.

ಹಳೆಯ ಎಣ್ಣೆಯನ್ನು ಇಜಾಜ್ ಚರಂಡಿಗೆ ಚೆಲ್ಲಲಿಲ್ಲ. "ಇಲ್ಲಿ ಚೆಲ್ಲಿದ್ರೆ ಸೀದಾ ಹೊಳೀಗೆ ಹೋಗ್ತೈತೆ," ಎಂದು ಡ್ರಮ್ಮಿಗೆ ಸುರಿದ. ಅದನ್ನು ಒಯ್ಯಲು ಬೇರೆಯವರು ಬರುತ್ತಾರಂತೆ. ಹೊಸ ಎಣ್ಣೆ ಹಾಕಿ, ಎಂಜಿನ್ ಸ್ವಲ್ಪ ಹೊತ್ತು ಓಡಿಸಿ, ಸೋರಿಕೆ ಇಲ್ಲವೆಂದು ಬಗ್ಗಿ ನೋಡಿದ. ಬಂದ್ ಮಾಡಿ, ಎಣ್ಣೆ ಕೆಳಗಿಳಿಯಲು ಬಿಟ್ಟು, ಕಡ್ಡಿ ಎಳೆದು ಎರಡು ಗೆರೆಗಳ ನಡುವೆ ಎಣ್ಣೆ ನಿಂತದ್ದನ್ನು ತೋರಿಸಿದ. ಆಮೇಲೆ ಹೇಳಿದ. "ಈಗ ಒತ್ರಿ ನಿಮ್ಮ ಗುಂಡಿ. ಹೊಸ ಎಣ್ಣೆ ಇವತ್ತು ಬಿದ್ದೈತೆ, ಇಲ್ಲಿಂದ ಲೆಕ್ಕ ಇಡು ಅಂತ ಗಾಡಿಗೆ ಹೇಳೋಕೆ ಇರೋದು ಆ ಗುಂಡಿ."

ಅದೇ ಗುಂಡಿಯನ್ನು ಎಷ್ಟೋ ಸಲ ಹೆಮ್ಮೆಯಿಂದ ಒತ್ತಿದ್ದವನು ಅಂದು ಕಡ್ಡಿಯನ್ನು ಇನ್ನೊಮ್ಮೆ ನೋಡಿ ಒತ್ತಿದ.

ಮರಿಯವ್ವನನ್ನು ಊರಿಗೆ ಬಿಡಲು ಹೋದಾಗ ತಂಗಿಯ ಮನೆಯ ಮುಂದೆಯೇ ಅವನು ತಂಗಿಗೂ ಕೊಟ್ಟೂರೇಶನಿಗೂ ನಡೆದದ್ದನ್ನೆಲ್ಲ ಹೇಳಿದ. ಕೊಟ್ಟೂರೇಶ ಹೆಂಡತಿಯ ಕಡೆ ತಿರುಗಿ, "ನನಗ್ಯಾಕ ಹೇಳ್ಲಿಲ್ಲ? ನಿನ್ನನ್ನೇ ಬೈದ್ನಲ್ಲ," ಎಂದ. ಅನ್ನಪೂರ್ಣಮ್ಮ, "ಅಣ್ಣ ಅಲ್ವಾ," ಎಂದು ಒಳಗೆ ಹೋಗಿ ಅಣ್ಣನಿಗೆ ನೀರು ತಂದು ಕೊಟ್ಟಳು.

ಭಾನುವಾರ ಬೆಳಿಗ್ಗೆ ಅವನು ಓಣಿಯಲ್ಲಿ ತಾನು ದೀಪ ಆರಿಸಿದ ಮನೆಗಳಿಗೆಲ್ಲ ಹೋದ. ರೂಪಶ್ರೀ ಕರೆಯದೆಯೇ ಜೊತೆಗೆ ಬಂದಳು. ಮೊದಲ ಬಾಗಿಲು ತಟ್ಟುವಾಗ ಅವನ ಕೈ ಹಿಂದೆ ಸರಿಯಿತು. ಅವಳೇ ತಟ್ಟಿದಳು.

"ನಾನು ದೀಪ ಅಷ್ಟೇ ಆರಿಸಿದ್ದು. ಎಣ್ಣೆ ಹಂಗೇ ಐತೆ. ಬಾನೆಟ್ ತೆಗೀರಿ, ನೋಡಾಣ."

ಕೆಲವರು ನಕ್ಕು ಕಳಿಸಿದರು. ಓಣಿಯ ಕೊನೆಯ ಮನೆಯ ದುರುಗಣ್ಣ ಮಾತ್ರ ತನ್ನ ಕಾರಿನ ಕಡ್ಡಿ ಎಳೆದು, ತುದಿಯಲ್ಲಿ ಅಂಟಿದ ಕರಿ ರಾಡಿ ನೋಡಿ ಕೆಂಡವಾದ. "ನಾಳೆ ಸೊಸೇನ ಹೆರಿಗೆಗೆ ಇದೇ ಗಾಡಿಯಾಗೆ ಕರ್ಕೊಂಡು ಹೋಗೋನಿದ್ದೆ. ನಿಮ್ಮನ್ನ ನಂಬಿದ್ನಲ್ಲ ನಾನು," ಎಂದ. ಕರಿಬಸವರಾಜ ಬೈಗುಳವನ್ನು ನಿಂತು ಕೇಳಿಸಿಕೊಂಡ. ಅದೇ ದಿನ ದುರುಗಣ್ಣನ ಗಾಡಿಗೆ ಹೊಸ ಎಣ್ಣೆ ಬಿತ್ತು. ನಕ್ಕವರೂ ಅದನ್ನು ನೋಡಿ ಒಬ್ಬೊಬ್ಬರಾಗಿ ಗ್ಯಾರೇಜಿಗೆ ಹೋಗಿಬಂದರು.

ಅನ್ನಪೂರ್ಣಮ್ಮನ ಕಾರು ಈಗ ಮತ್ತೆ ಓಡುತ್ತಿದೆ. ಮರಿಯವ್ವ ಸರಿಯಾದ ಹೊತ್ತಿಗೆ ಆಸ್ಪತ್ರೆ ಮುಟ್ಟುತ್ತಾಳೆ. ಅಣ್ಣ ತಂಗಿಯರ ನಡುವೆ ಮಾತುಕತೆ ಮೊದಲಿನಂತೆಯೇ ಇದೆ, ಹಬ್ಬಕ್ಕೆ ಕರೆಯುವುದು, ಬರುವುದು ಎಲ್ಲ. ಆದರೆ ಗಾಡಿಯಲ್ಲಿ ಏನಾದರೂ ಬಂದರೆ ಅವಳು ಅಣ್ಣನಿಗೆ ಫೋನು ಮಾಡುವುದಿಲ್ಲ. ಇಜಾಜನಿಗೆ ಮಾಡುತ್ತಾಳೆ. ಕರಿಬಸವರಾಜ ಅದನ್ನು ಗಮನಿಸಿದ್ದಾನೆ. ಯಾಕೆಂದು ಕೇಳುವ ಮುಖ ಅವನಿಗಿಲ್ಲ.

ಇದನ್ನು ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯ ಮುಂದೆಯೂ ಡೀಸೆಲ್ ಗಾಡಿ ನಿಂತಿರಬಹುದು. ಅದರಲ್ಲಿ ನಿಮ್ಮ ತಾಯಿ ಕೂರುತ್ತಾರೆ, ಮಕ್ಕಳು ಕೂರುತ್ತಾರೆ, ಆಸ್ಪತ್ರೆಗೆ ಹೊರಟ ನೆರೆಯವರು ಕೂರುತ್ತಾರೆ. ಎಣ್ಣೆ ಮತ್ತು ಫಿಲ್ಟರನ್ನು ಹೇಳಿದ ಹೊತ್ತಿಗೆ ಬದಲಿಸಿ. ಸರ್ವಿಸ್ ದೀಪವನ್ನು ಅದಾದ ಮೇಲೆಯೇ ಆರಿಸಿ. ಆರಿಸುವ ರೀತಿ ಒಂದೊಂದು ಗಾಡಿಗೆ ಒಂದೊಂದು, ನಿಮ್ಮ ಗಾಡಿಯ ಪುಸ್ತಕ ನೋಡಿ, ಇಲ್ಲವೇ ಮೆಕ್ಯಾನಿಕ್ಕನ್ನು ಕೇಳಿ. ಕೆಂಪು ಗಿಂಡಿ ಕಂಡರೆ ಯಾರು ಏನೇ ಹೇಳಲಿ, ಗಾಡಿ ನಿಲ್ಲಿಸಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಹೇಳಲು ನಾಚಬೇಡಿ. ಗೊತ್ತಿಲ್ಲದೆ ಹೇಳಿದ ಮಾತಿನಿಂದ ಇನ್ನೊಬ್ಬರು ನಡುರಸ್ತೆಯಲ್ಲಿ ಸಿಕ್ಕಿಬಿದ್ದು ಉಸಿರಿಗೆ ಒದ್ದಾಡುವಂತಾದರೆ, ಆ ನಾಚಿಕೆ ಬಹಳ ದಿನ ಉಳಿಯುತ್ತದೆ.

ಓದಿ ಮುಗಿಸಿದಿರಲ್ಲ, ಈಗ ಎದ್ದು ಹೋಗಿ. ಬಾನೆಟ್ ಎತ್ತಿ, ಕಡ್ಡಿ ಎಳೆದು ನೋಡಿ.